ಸಂಪ್ ಬಿಚ್ಚಿದವರು ಯಾರು

ರಸ್ತೆಯ ಹಂಪ್‌ಗೆ ಉಜ್ಜಿ ನೆಗ್ಗಿದ್ದ, ಇಂಜಿನ್ನಿನಡಿಯ ಆಯಿಲ್ ಸಂಪ್ ಬದಲಿಸಲು ಮೊನ್ನೆ ಜೆ.ಪಿ. ನಗರದ ಗ್ಯಾರೇಜಿಗೆ ಕಾರು ಕೊಟ್ಟಿದ್ದೆ. ಪಕ್ಕದ ಕಾರಿಗೆ ಯಾರೋ ಆಯಿಲ್ ಸೋರದಂತೆ ಪ್ಯಾಕಿಂಗ್ ಪೇಸ್ಟ್ ಹಚ್ಚುತ್ತಿದ್ದರು. ವಿನಿಗರ್‌ನಂಥ ಆ ಹುಳಿ ವಾಸನೆ ಮೂಗಿಗೆ ಬಡಿದ ಕೂಡಲೇ ಯಡಿಯೂರು ಕೆರೆ ಹಿಂದಿನ ರಸ್ತೆಯ ಮೆಕ್ಯಾನಿಕ್ ಅಂಕಲ್ ನೆನಪಾದರು...

ಇದು ಅಪ್ಪ ಬಿಟ್ಟುಹೋದ ಕಾರು. ಇದಕ್ಕೆಂದೇ ನಾನೊಂದು ಪುಸ್ತಕ ಇಟ್ಟಿದ್ದೇನೆ. ಯಾವ ದಿನ, ಎಷ್ಟು ಕಿಲೋಮೀಟರಿಗೆ, ಯಾರು ಏನು ಬಿಚ್ಚಿದರು, ಎಲ್ಲವೂ ಅದರಲ್ಲಿದೆ. ಅಂಕಲ್ ನಗುತ್ತಿದ್ದರು: "ಗಾಡಿಗೂ ಜಾತಕ ಬರೀತೀಯಲ್ಲಮ್ಮ!"

ವರ್ಷಗಳ ಹಿಂದೆ ಒಂದು ಮಂಗಳವಾರ ಬನಶಂಕರಿಯಲ್ಲಿ ಆಯಿಲ್ಲಿನ ಕೆಂಪು ಲೈಟ್ ಹತ್ತಿತು. ನಿಲ್ಲಿಸಿ ಅಳತೆ ಕಡ್ಡಿ ಎಳೆದು ನೋಡಿದೆ. ಆಯಿಲ್ ತುಂಬಿತ್ತು. 'ಸರಿ ಇದೆ' ಎಂದು ಬರೆದುಕೊಂಡು ಯಡಿಯೂರಿನವರೆಗೂ ಓಡಿಸಿದೆ. ತಲುಪುವಷ್ಟರಲ್ಲಿ ಇಂಜಿನ್ ಟಕಟಕ ಎನ್ನುತ್ತಿತ್ತು.

ಅಂಕಲ್ ಓಡಿಬಂದು ಕಿಟಕಿಯಿಂದ ಕೈ ಹಾಕಿ ತಾವೇ ಕೀ ತಿರುಗಿಸಿ ಆಫ್ ಮಾಡಿದರು.

"ಆಯಿಲ್ ಫುಲ್ ಇತ್ತು ಅಂಕಲ್, ನೋಡೇ ಬಂದೆ."

"ಕೆಳಗಡೆ ಸಂಪಲ್ಲಿ ಇತ್ತು. ಮೇಲಕ್ಕೆ ಹೋಯ್ತಾ? ನಿಮ್ಮನೆ ಸಂಪ್ ತುಂಬ ನೀರಿದ್ದು, ಮೋಟಾರ್ ಎಳೀದಿದ್ರೆ ನಲ್ಲೀಲಿ ಬರುತ್ತಾ? ಕಡ್ಡಿ ತೋರ್ಸೋದು ಎಷ್ಟಿದೆ ಅಂತ. ಲೈಟ್ ತೋರ್ಸೋದು ತಲುಪ್ತಾ ಇಲ್ಲ ಅಂತ."

ಕಾರಿನಡಿ ಮಲಗಿ ಸಂಪ್ ಬಿಚ್ಚಿದರು. ಆಯಿಲ್ ಪಂಪಿನ ಬಾಯಿಗೆ ಒಂದು ಜಾಲರಿ ಇರುತ್ತದೆ. ಅದರ ತುಂಬ ರಬ್ಬರಿನಂಥ ಚೂರುಗಳು ಮೆತ್ತಿಕೊಂಡಿದ್ದವು. ಸಂಪ್ ಕೂರಿಸುವಾಗ ಪೇಸ್ಟ್ ದಪ್ಪಗೆ ಹಾಕಿದರೆ ಹೆಚ್ಚಾದದ್ದು ಒಳಗೆ ಉಬ್ಬಿ, ಒಣಗಿ, ಉದುರುತ್ತದೆ. ಪಂಪು ಅದನ್ನೇ ಎಳೆದುಕೊಂಡು ಉಸಿರುಕಟ್ಟುತ್ತದೆ. ಅಂಕಲ್ ಆ ಚೂರುಗಳನ್ನು ಅಂಗೈಯಲ್ಲಿಟ್ಟುಕೊಂಡು ತುಂಬ ಹೊತ್ತು ನೋಡಿದರು.

"ಬುಕ್ ನೋಡಮ್ಮ. ಹೋದ್ಸಲ ಸಂಪ್ ಬಿಚ್ಚಿದ್ಯಾರು? ಆ ಚಿಕ್ಕಲಸಂದ್ರದೋನಾ?"

ಚಿಕ್ಕಲಸಂದ್ರದ ಗ್ಯಾರೇಜಿನಲ್ಲಿ ಒಮ್ಮೆ ಕ್ಲಚ್ ಕೆಲಸ ಆಗಿತ್ತು, ಅಷ್ಟೇ. ಸಂಪ್ ಸೋರಿದಾಗ ಬಿಚ್ಚಿ ಪೇಸ್ಟ್ ಹಾಕಿದ್ದು ಅಂಕಲ್ಲೇ. ಆ ಪುಟ ನನಗೆ ತೆರೆಯದೆಯೇ ಗೊತ್ತಿತ್ತು. ಅವರು ಇನ್ನೊಬ್ಬರ ಹೆಸರಿಗಾಗಿ ಕಾಯುತ್ತಿದ್ದರು. ಅದನ್ನು ಹೇಳಲಾರೆ, ನಿಜವನ್ನೂ ಹೇಳಲಾರೆ...

"ಬರ್ದಿಲ್ಲ ಅಂಕಲ್."

"ಟೈರಿಗೆ ಗಾಳಿ ಹೊಡ್ಸಿದ್ದೂ ಬರೀತೀಯ. ಇದು ಬರ್ದಿಲ್ವಾ?"

ನಾನು ಪುಸ್ತಕ ತೆರೆಯದೆ ಬ್ಯಾಗಿಗೆ ತುರುಕಿದೆ.

"ನಂದೇ ಹಾಗಾದ್ರೆ," ಎಂದು ಚೂರುಗಳನ್ನು ಜೇಬಿಗೆ ಹಾಕಿಕೊಂಡರು. "ಕಣ್ಣು ಮಂಜಾಗಿದೆ ಕಣಮ್ಮ. ಎಲ್ಲಿ ಸೋರುತ್ತೋ ಅಂತ ದಪ್ಪ ಹಾಕ್ಬಿಡ್ತೀನಿ."

ಇಂಜಿನ್ನಿನ ಬೇರಿಂಗುಗಳು ಹಾಳಾಗದೆ ಉಳಿದಿದ್ದವು. ಮೂರನೆಯ ದಿನ ಹೊಸ ಪಂಪಿನೊಳಗೆ ಮೊದಲೇ ಆಯಿಲ್ ತುಂಬಿ ಕೂರಿಸಿದರು. ಒಣ ಪಂಪು ಎಳೆಯುವುದಿಲ್ಲವಂತೆ. ಆಮೇಲೆ ನನ್ನ ಕೈಗೆ ಟಾರ್ಚ್ ಕೊಟ್ಟರು. ಸಂಪಿನ ಅಂಚಿಗೆ ಕಣ್ಣು ತಾಗುವಷ್ಟು ಬಗ್ಗಿ, ರಂಗೋಲಿಯ ಎಳೆಯಂತೆ ಪೇಸ್ಟ್ ಎಳೆದರು. ಒಂದು ಕಡೆ ದಪ್ಪವಾಯಿತೆಂದು ಪೂರ್ತಿ ಒರೆಸಿ ಮತ್ತೆ ಎಳೆದರು. ಒಟ್ಟು ನಾಲ್ಕು ಸಲ. ಪೇಸ್ಟ್ ಒಣಗಿದ ಮೇಲೆ ಸ್ಪಾರ್ಕ್ ಪ್ಲಗ್ ತೆಗೆದು, ಇಂಜಿನ್ ಹತ್ತಿಕೊಳ್ಳದ ಹಾಗೆ ಬರೀ ತಿರುಗಿಸಿದರು. ನಾನು ಒಂಬತ್ತು ಎಣಿಸುವಾಗ ಕೆಂಪು ಲೈಟ್ ಆರಿತು.

"ಇನ್ಮೇಲೆ ಸಂಪ್ ಕೆಲ್ಸ ಬೇರೆಯವರ ಹತ್ರ ಮಾಡಿಸಮ್ಮ," ಅಂದರು. ಮುಖ ನೋಡಲಿಲ್ಲ.

ಕೆಲವು ತಿಂಗಳಲ್ಲಿ ಅಂಕಲ್ ಗ್ಯಾರೇಜಿನ ಶಟರ್ ಮುಚ್ಚಿತು. ಅವರ ಮನೆ ಗ್ಯಾರೇಜಿನ ಎದುರು ಬೀದಿಯಲ್ಲೇ ಇತ್ತು, ಹೋಗಿ ಬರಬಹುದಿತ್ತು. ಅವರು ತೀರಿಕೊಂಡದ್ದು ಮೂಲೆಯ ಟೀ ಅಂಗಡಿಯವರಿಂದ ತಿಳಿಯಿತು. ಆ ನಡುವಿನ ಪುಟಗಳಲ್ಲಿ ಪೆಟ್ರೋಲ್ ಇದೆ, ಗಾಳಿ ಇದೆ. ಅವರನ್ನು ನೋಡಲು ಹೋದ ದಿನ ಒಂದೂ ಇಲ್ಲ.

"ಮೇಡಂ," ಮೊನ್ನೆ ಜೆ.ಪಿ. ನಗರದಲ್ಲಿ, ಕಾರೆತ್ತಿದ್ದ ಲಿಫ್ಟಿನ ಕೆಳಗಿಂದ ಮೆಕ್ಯಾನಿಕ್ ಕೂಗಿದ, "ಈ ಸಂಪ್ ಹೋದ್ಸಲ ಯಾರು ಬಿಚ್ಚಿದ್ದು? ಪೇಸ್ಟ್ ಒಂದು ಚೂರೂ ಒಳಗ್ ಬಂದಿಲ್ಲ. ಜಾಲರಿ ಹೊಸದಿದ್ದ ಹಾಗಿದೆ."

ನಾನು ಪುಸ್ತಕ ತೆರೆದೆ. ದಿನ, ಕಿಲೋಮೀಟರು, ಯಾರ ಕೈ ಎಂಬುದನ್ನು ಗಟ್ಟಿಯಾಗಿ ಓದಿದೆ.

"ಒಳ್ಳೆ ಕೈ," ಅಂದ. ಆಮೇಲೆ ಬ್ಲೇಡ್ ತೆಗೆದುಕೊಂಡು ಆ ಪೇಸ್ಟಿನ ಗೆರೆಯನ್ನು ಕೆರೆಯತೊಡಗಿದ.