ಟೆಂಟಿನಲ್ಲಿ ಅಪ್ಪ ಹೇಳಿದ ಇಂಗ್ಲಿಷ್ ಸಿನಿಮಾ

ಮೇಸ್ತ್ರಿಯ ಕೈಯಿಂದ ವೀಳ್ಯದೆಲೆ ಸಿಕ್ಕಿದವನಿಗೆ ಮಾತ್ರ ಆ ದಿನ ಕೂಲಿ, ಸಿಗದವನು ಬಂದ ದಾರಿಗೆ ಸುಂಕವಿಲ್ಲ ಅಂತ ಮನೆಗೆ. ನಾನು ಲಂಗ ತೊಟ್ಟು ಓಡಾಡುತ್ತಿದ್ದ ಕಾಲಕ್ಕೆ ಪಾಂಡವಪುರದ ಬೆಲ್ಲದ ಮಂಡಿಯಲ್ಲಿ ನಡೆಯುತ್ತಿದ್ದ ಕಾನೂನು ಇದೊಂದೇ. ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ನಗಲಿ ಬಿಡಿ. ಟೆಂಟ್ ಸಿನಿಮಾದ ಮರಳಲ್ಲಿ ಕೂತು, ಕಡಲೆಕಾಯಿ ಸಿಪ್ಪೆಯನ್ನು ಮುಂದಿನವರ ತಲೆಗೆ ಎಸೆದು ಬೈಸಿಕೊಂಡವರಾದರೂ ನನ್ನ ಮಾತು ನಂಬುತ್ತಾರೆ.

ಮಂಡಿ ಎಂದರೆ ನನಗೆ ಮೊದಲು ಮೂಗಿಗೆ ಬರುವುದು ವಾಸನೆ. ಅಚ್ಚುಬೆಲ್ಲ, ಗೋಣಿತಾಟು, ಲಾರಿಯ ಡೀಸೆಲ್ಲು, ಎತ್ತಿನ ಸಗಣಿ ಎಲ್ಲ ಸೇರಿದ ಒಂದು ಸಿಹಿ ಘಾಟು. ನಾವು ಹುಡುಗಿಯರು ಲಾರಿಗಳ ಸಂದಿಯಲ್ಲಿ ಕುಂಟಬಿಲ್ಲೆ ಆಡಿ, ಗೋಣಿಗೆ ಅಂಟಿದ ಬೆಲ್ಲ ಕೆರೆದು ಹುರಿಗಡಲೆ ಜೊತೆ ತಿನ್ನುತ್ತಿದ್ದೆವು. ನನ್ನಪ್ಪ ನಿಂಗಪ್ಪ ಅಲ್ಲಿ ಹಮಾಲಿ. ಅವ್ವ ಸಣ್ಣಮ್ಮ ಮಂಡಿಯ ಬಾಗಿಲಲ್ಲಿ ಎಲೆ ಮಾರುತ್ತಿದ್ದಳು. ಅವಳ ತವರು ಗಂಜಾಂನಿಂದ ಮಾವ ಮೊದಲ ಬಸ್ಸಿಗೇ ಎಲೆಕಟ್ಟು ಹಾಕಿ ಕಳಿಸುತ್ತಿದ್ದ. ಅಷ್ಟು ಬೆಳಿಗ್ಗೆ ಎಲೆ ಸಿಗುತ್ತಿದ್ದದ್ದು ಅವಳ ಬುಟ್ಟಿಯಲ್ಲಿ ಮಾತ್ರ.

ಮೇಸ್ತ್ರಿ ಪುಟ್ಟಣ್ಣ ಮಂಡಿ ಸಾಹುಕಾರರಿಗೂ ಹಮಾಲಿಗಳಿಗೂ ನಡುವೆ ಕೂತಿದ್ದವನು. ಬೆಳಿಗ್ಗೆ ಅವ್ವನ ಹತ್ತಿರ ಎಲೆ ಕೊಂಡು, ಸಾಲಾಗಿ ನಿಂತ ಹಮಾಲಿಗಳಲ್ಲಿ ತನಗೆ ಬೇಕಾದವರ ಕೈಗೆ ಒಂದೊಂದು ಎಲೆ ಇಡುವನು. ಎಲೆ ಹಿಡಿದವನು ಅವನಿಗೆ ಮಾತು ಕೊಟ್ಟ ಹಾಗೆ. ಸಂಜೆ ಕೂಲಿಯಲ್ಲಿ ಅವನ ಪಾಲು ಮುರಿದುಕೊಂಡರೂ ತುಟಿ ಪಿಟಕ್ಕೆನ್ನುವ ಹಾಗಿಲ್ಲ. ಪಕ್ಕದಲ್ಲಿ ಕೈಗೆ ಸೈಕಲ್ ಚೈನು ಸುತ್ತಿಕೊಂಡ ಅವನ ಹುಡುಗರು ನಿಂತಿರುತ್ತಿದ್ದರು. ಸಾಹುಕಾರರ ಹತ್ತಿರ ನಾವೇ ನೇರವಾಗಿ ಕೆಲಸ ಹಿಡಿಯೋಣ, ಸಂಘ ಕಟ್ಟೋಣ ಎಂದು ಮೊದಲು ಬಾಯಿಬಿಟ್ಟ ಕೆಂಚಣ್ಣನನ್ನು ಅವರು ನಾಲೆ ಏರಿಯ ಮೇಲೆ ಹಿಡಿದು ಬಡಿದು ಬಲಗೈ ಮುರಿದರು. ಅವನ ಜೊತೆಗಿದ್ದ ಅಪ್ಪನಿಗೆ ಅವತ್ತಿನಿಂದ ಎಲೆ ಸಿಗಲಿಲ್ಲ. ಅಪ್ಪನಿಗೆ ಸಿಗದ ಎಲೆ ಹೋಗುತ್ತಿದ್ದದ್ದು ಅವ್ವನ ಬುಟ್ಟಿಯಿಂದಲೇ, ಆ ಎಲೆ ಮಾರಿ ಬಂದದ್ದರಲ್ಲೇ ನಮ್ಮ ಹಿಟ್ಟು ಬೇಯುತ್ತಿತ್ತು.

ಹೀಗಿರುವಾಗ ಟೆಂಟಿಗೆ ದೇವರ ಸಿನಿಮಾ ಬರುತ್ತದೆ ಎಂದು ಜಟಕಾ ಗಾಡಿಯಲ್ಲಿ ಮೈಕು ಕೂಗಿಕೊಂಡು ಹೋಯಿತು. ಊರೆಲ್ಲ ಹೋದೆವು. ಮಧ್ಯದಲ್ಲಿ ತಡಿಕೆ, ಈ ಕಡೆ ಹೆಂಗಸರು, ಆ ಕಡೆ ಗಂಡಸರು, ಹಿಂದೆ ಕುರ್ಚಿಯಲ್ಲಿ ಪುಟ್ಟಣ್ಣ ಮತ್ತು ಅವನ ಹುಡುಗರು. ದೀಪ ಆರಿತು. ಪರದೆಯ ಮೇಲೆ ದೇವರೂ ಇಲ್ಲ ದಿಂಡರೂ ಇಲ್ಲ. ಮಳೆ ಸುರಿಯುವ ಒಂದು ಕಪ್ಪು ಬೀದಿ, ಹ್ಯಾಟು ಹಾಕಿದ ಗಂಡಸರು, ಬರೀ ಇಂಗ್ಲಿಷು! ಮೈಸೂರಿನಿಂದ ಬಂದ ಪೆಟ್ಟಿಗೆ ಅದಲುಬದಲಾಗಿತ್ತು. ಜನ ಕಾಸು ವಾಪಸ್ಸು ಕೊಡು ಅಂತ ಎದ್ದರು. ಟೆಂಟಿನ ಯಜಮಾನ ಓಡಿಬಂದು, ಕಬಡ್ಡಿ ಪಂದ್ಯಕ್ಕೆ ಮೈಕು ಹಿಡಿದು ಕೂಗುತ್ತಿದ್ದ ಅಪ್ಪನ ಕೈಗೆ ಮೈಕು ಕೊಟ್ಟು, "ನಿಂಗಪ್ಪಾ, ಏನಾರ ಯೋಳಪ್ಪ, ಮಾನ ಉಳ್ಸು" ಎಂದ.

ಅಪ್ಪನಿಗೆ ಇಂಗ್ಲಿಷಿನಲ್ಲಿ ಸಹಿ ಮಾಡಲೂ ಬರುತ್ತಿರಲಿಲ್ಲ. ಆದರೂ ಗಂಟಲು ಸರಿಮಾಡಿಕೊಂಡ.

"ನೋಡ್ರಪ್ಪೋ, ಇದು ಯಾವ್ದೋ ದೊಡ್ಡ ಪಟ್ಣದ ಮಂಡಿ. ಮೂಟೆ ಹೊರ್ತಾವ್ರಲ್ಲ, ಅವ್ರು ನಮ್ಮಂಗೇ ಹಮಾಲಿಗೋಳು. ಆ ಟೋಪಿ ಅವ್ನಲ್ಲ, ಅವ್ನೇ ಮೇಸ್ತ್ರಿ!"

ಪರದೆಯ ಮೇಲೆ ಟೋಪಿಯವನು ಒಬ್ಬ ಕೂಲಿಯವನ ಬಾಯಿಗೆ ಚುಟ್ಟ ಇಟ್ಟು ಬೆನ್ನು ತಟ್ಟಿದ. ಅಪ್ಪ ಬಿಟ್ಟಾನೆಯೇ? "ಕಂಡ್ರಾ? ಅವ್ರೂರಾಗೆ ಎಲೆ ಬೆಳ್ಯಾಕಿಲ್ಲ ಕಣ್ರಪ್ಪ, ಅದ್ಕೇ ಚುಟ್ಟ ಕೊಡ್ತಾವ್ನೆ!"

ಟೆಂಟೆಲ್ಲ ಹೋ ಎಂದು ನಕ್ಕಿತು. ತಿರುಗಿ ನೋಡಿದೆ, ಪುಟ್ಟಣ್ಣ ನಗುತ್ತಿರಲಿಲ್ಲ. ಅಲ್ಲಿಂದ ಮುಂದೆ ಅಪ್ಪ ಹೇಳಿದ್ದೆಲ್ಲ ನಮ್ಮ ಮಂಡಿಯ ಕಥೆಯೇ. ಸಂಘ ಕಟ್ಟಲು ಹೊರಟವನೊಬ್ಬ, ಅವನಿಗೆ ಊಟ ಹಾಕುವ ಹೋಟೆಲಿನ ಹೆಂಗಸು, ಬಾಗಿಲ ಸಂದಿಯಲ್ಲಿ ನೆರಳು, ಪಿಸ್ತೂಲು. ಜನ ಕಡಲೆಕಾಯಿ ತಿನ್ನುವುದನ್ನೂ ಮರೆತು ಕೂತಿದ್ದರು. ಆದರೆ ಕೊನೆಗೆ ಬೀದಿದೀಪದ ಕೆಳಗೆ ಸಂಘದವನಿಗೆ ಗುಂಡು ಬಿತ್ತು. ಸತ್ತೇ ಹೋದ. ಹೋಟೆಲಿನವಳು ಕಿಟಕಿಯಲ್ಲಿ ನಿಂತು ನೋಡಿದಳು, ಸಿನಿಮಾ ಮುಗಿಯಿತು.

ಅಪ್ಪ ಮೈಕು ಕೆಳಗಿಳಿಸಿದ. ಹಿಂದಿನ ಕುರ್ಚಿಯಿಂದ ಪುಟ್ಟಣ್ಣ ಕೂಗಿದ. "ಯಾಕ್ಲಾ ನಿಂಗ, ಸುಮ್ಕಾಗ್ಬುಟ್ಟೆ? ಸಂಘ ಕಟ್ದೋನು ಏನಾದ ಅಂತ ಯೋಳ್ಲಾ!"

ಉತ್ತರ ಬಂದದ್ದು ತಡಿಕೆಯ ಈಚೆಯಿಂದ, ನನ್ನ ಪಕ್ಕದಿಂದ. ಅವ್ವ ಎದ್ದು ನಿಂತಿದ್ದಳು.

"ಅವ್ನು ಸತ್ರೇನಾಯ್ತು? ಓಟ್ಲವ್ಳು ಬದ್ಕವ್ಳಲ್ಲ! ನಾಳಿಕೆ ಆ ಮೇಸ್ತ್ರಿಗೆ ಅವ್ಳು ಅಂಗ್ಡಿ ಬಾಕ್ಲು ತಗ್ಯಾಕಿಲ್ಲ ಅಂತ ಯೋಳಿ!"

ಮನೆಗೆ ಬರುವ ದಾರಿಯಲ್ಲಿ ಅಪ್ಪ ಮೆಲ್ಲಗೆ ಕೇಳಿದ. "ಅಂಗ್ಯಾಕಂದೆ? ನಾಳಿಕೆ ಅವ್ನು ನಿನ್ತಾವ ಎಲೆ ತಗಳ್ದೆ ಓದ್ರೆ ಉಣ್ಣಾದೇನು?"

"ಅವ್ನು ತಗಳ್ದೆ ಓಗಾದೇನು, ನಾನೇ ಕೊಡಾಕಿಲ್ಲ" ಎಂದಳು ಅವ್ವ. "ಟೆಂಟ್ನಾಗೆ ಆಡಿದ್ ಮಾತ ಟೆಂಟ್ನಾಗೇ ಬುಟ್ಟು ಬರಾದಾದ್ರೆ ಈ ನಾಲ್ಗೆ ಯಾಕೆ ಬೇಕು?"

ಬೆಳಿಗ್ಗೆ ಮೋಡ ಕವಿದಿತ್ತು. ಬೆಲ್ಲದ ಗಾಡಿಗಳು ಬಾಗಿಲವರೆಗೂ ನಿಂತಿದ್ದವು. ಮಳೆ ಬಿದ್ದರೆ ಬೆಲ್ಲ ಕರಗಿ ನೀರು, ಸಾಹುಕಾರರು ಆಕಾಶ ನೋಡುತ್ತ ಅತ್ತಿಂದಿತ್ತ ಓಡಾಡುತ್ತಿದ್ದರು. ಪುಟ್ಟಣ್ಣ ಎಂದಿನಂತೆ ಬಂದು ಕೈ ಚಾಚಿದ.

"ಎಲೆ ಹಾಕು ಸಣ್ಣಮ್ಮಿ."

"ಇಲ್ಲ."

"ಬುಟ್ಟಿ ತುಂಬ್ದಂಗೈತಲ್ಲ!"

"ಐತೆ. ನಿಂಗಿಲ್ಲ."

ಅವನ ಹುಡುಗನೊಬ್ಬ ಬುಟ್ಟಿಗೆ ಒದ್ದ. ಎಲೆಗಳು ಕೆಸರಿನಲ್ಲಿ ಚೆಲ್ಲಿದವು, ಉಳಿದ ಹುಡುಗರು ಅವುಗಳ ಮೇಲೆಯೇ ಓಡಾಡಿದರು. ನಾನು ಅವ್ವನ ಸೆರಗು ಹಿಡಿದುಕೊಂಡೆ. ಪುಟ್ಟಣ್ಣ ಒಂದು ಎಲೆ ಎತ್ತಿಕೊಳ್ಳಲು ಬಗ್ಗಿದ. ಬಗ್ಗಿದವನಿಗೆ ಎಲ್ಲರೂ ನೋಡುತ್ತಿದ್ದಾರೆಂದು ಗೊತ್ತಾಯಿತು. ತುಳಿದ ಎಲೆಯನ್ನು ಯಾರ ಕೈಗಿಡುತ್ತಾನೆ? ಬರಿಗೈಯಲ್ಲೇ ಎದ್ದು, "ಎಲೆ ಏನ್ ಮಹಾ, ಬನ್ರಲಾ ಕೆಲ್ಸಕ್ಕೆ" ಎಂದು ಅಬ್ಬರಿಸಿದ.

ಯಾರೂ ಕದಲಲಿಲ್ಲ. ಎಲೆ ಹಿಡಿದಿದ್ದರೆ ಹೋಗಬೇಕಿತ್ತು, ಹಿಡಿದಿಲ್ಲವಲ್ಲ. ಅವನ ಮುಂದೆ ದಿನಾ ಕೈ ಚಾಚುತ್ತಿದ್ದ ಗಂಡಸರು ಅವತ್ತು ಕೈ ಕಟ್ಟಿ ನಿಂತಿದ್ದರು.

ಅವ್ವ ಕೂತು ಎಲೆ ಆಯ್ದಳು. ನಾನೂ ಆಯ್ದೆ. ಇಬ್ಬರೂ ನಲ್ಲಿಯ ಕೆಳಗೆ ಒಂದೊಂದೇ ಎಲೆಯ ಕೆಸರು ತೊಳೆದೆವು. ಅವಳು ಮೊದಲನೆಯದನ್ನು ಜನರ ನಡುವೆ ನಿಂತಿದ್ದ ಕೆಂಚಣ್ಣನ ಮುಂದೆ ಹಿಡಿದಳು. "ತುಳ್ದೋರು ಅವ್ರು, ತೊಳ್ದೋರು ನಾವು. ತಗಳಣ್ಣ."

ಅವನ ಬಲಗೈ ಇನ್ನೂ ಬಿದಿರುದಬ್ಬೆಯ ಕಟ್ಟಿನಲ್ಲಿತ್ತು. "ಎಡಗೈಲಿ ವೀಳ್ಯ ಎಂಗವ್ವ ತಗಳ್ಳಿ?" ಎಂದು ಹಿಂಜರಿದ.

"ಬಲಗೈ ಮುರ್ದೋರು ಯಾರು ಅಂತ ದೇವ್ರಿಗೂ ಗೊತ್ತು. ತಗಳಣ್ಣ ನೀನು!"

ಅವನು ಎಡಗೈಯಲ್ಲೇ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಆಮೇಲೆ ಅಪ್ಪ. ಆಮೇಲೆ ಎಲ್ಲರೂ. ದಪ್ಪ ಹನಿ ಬೀಳತೊಡಗಿತು. ಸಾಹುಕಾರರು, "ಯಾರಾದ್ರೂ ಸರಿ, ಮೊದ್ಲು ಎತ್ರಪ್ಪೋ" ಎಂದು ಕೂಗಿಕೊಂಡರು. ಅಪ್ಪ ಬೆನ್ನಿಗೆ ಗೋಣಿ ಹಾಕಿಕೊಂಡು ಮೊದಲ ಮೂಟೆಗೆ ಬೆನ್ನು ಕೊಟ್ಟ. ಒಂದೇ ದಿನಕ್ಕೆ ಎಲ್ಲ ನೆಟ್ಟಗಾಗಲಿಲ್ಲ, ಇನ್ನೂ ಹೊಡೆದಾಟಗಳಾದವು, ನಮ್ಮ ಹಟ್ಟಿಗೆ ಕಲ್ಲೂ ಬಿತ್ತು. ಆದರೆ ಪುಟ್ಟಣ್ಣನ ಕೈಯಿಂದ ಆ ಮಂಡಿಯಲ್ಲಿ ಮತ್ತೆ ಯಾರೂ ಎಲೆ ಹಿಡಿಯಲಿಲ್ಲ.

ಟೆಂಟು ಹೋಗಿ ಆ ಜಾಗದಲ್ಲಿ ಕಲ್ಯಾಣಮಂಟಪ ಎದ್ದಿದೆ. ಅಪ್ಪನೂ ಹೋದ. ಮಂಡಿಯ ಹುಡುಗರನ್ನು ಈಗ ಮೊಬೈಲಿನಲ್ಲಿ ಕರೆಯುತ್ತಾರೆ. ಒಬ್ಬನಿಗೆ ಮೆಸೇಜು ಬರುತ್ತದೆ, ಪಕ್ಕದಲ್ಲಿ ನಿಂತವನಿಗೆ ಬರುವುದಿಲ್ಲ. ಯಾರು ಕರೆದರು, ಯಾಕೆ ಬಿಟ್ಟರು ಎಂದು ಕೇಳೋಣವೆಂದರೆ ಅಲ್ಲಿ ಒಂದು ಮುಖವೂ ಇಲ್ಲ. ಬಗ್ಗಿದ ಮೇಸ್ತ್ರಿಯನ್ನು ಎಲ್ಲರೂ ಒಟ್ಟಿಗೆ ನಿಂತು ನೋಡಿದ ಆ ಬೆಳಗು ಇವರಿಗೆ ಎಲ್ಲಿಂದ ಸಿಗಬೇಕು ಎಂದು ನನಗೆ ಸಂಕಟವಾಗುತ್ತದೆ.

ಮೊನ್ನೆ ನನ್ನ ಮಗ ಆ ಹಳೇ ಸಿನಿಮಾವನ್ನು ಎಲ್ಲಿಂದಲೋ ಹುಡುಕಿ, ಅರ್ಥ ಹೇಳುತ್ತ ತೋರಿಸಿದ. ಅಪ್ಪ ಹೇಳಿದ್ದು ಮುಕ್ಕಾಲು ತಪ್ಪು. ಅಷ್ಟೇ ಅಲ್ಲ, ಸಂಘದವನು ಇರುವ ಜಾಗವನ್ನು ಟೋಪಿಯವನಿಗೆ ಹೇಳಿಕೊಟ್ಟವಳೇ ಆ ಹೋಟೆಲಿನ ಹೆಂಗಸು. ಮನಸ್ಸು ತಡೆಯದೆ ಅವ್ವನಿಗೆ ಹೇಳಿದೆ. ಅವಳು ಎಲೆಗೆ ಸುಣ್ಣ ಸವರುತ್ತಿದ್ದಳು. ಕೈ ನಿಲ್ಲಿಸಲೂ ಇಲ್ಲ.

"ಅದು ಅವ್ರೂರ್ ಸಂಗ್ತಿ ಬುಡವ್ವ. ನಮ್ಮೂರಾಗೆ ಅವ್ಳು ಬಾಕ್ಲು ತಗೀನಿಲ್ಲ."