ಮುಚ್ಚಳ ತೆಗೆಯುವ ಕಾರು ಬೇಕಾಗಿದೆ

"ಅಲ್ಲ ಮಾರಾಯ, ವರ್ಸದಲ್ಲಿ ಐದು ತಿಂಗ್ಳು ಮಳೆ ಹುಯ್ಯೋ ಊರಲ್ಲಿ ನಿಂಗೆ ಟಾಪ್ ತೆಗೆಯೋ ಕಾರು ಬೇಕಾ? ತಲೆ ನೆಟ್ಟಗೈತಾ?"

ಬಾಳ್ಳುಪೇಟೆಯ ಕಟಿಂಗ್ ಶಾಪಿನಲ್ಲಿ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದಾಗ ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆ ಇದು. ಕೇಳಿದವನು ಲೋಕಣ್ಣ. ಹಳೆಯ ಕಾರು, ಟ್ರ್ಯಾಕ್ಟರು, ಸೈಟು, ಕರೆಯುವ ಎಮ್ಮೆ, ಏನು ಬೇಕಾದರೂ ಕೊಡಿಸುವ ನಮ್ಮೂರ ಬ್ರೋಕರ್. ಹಿಂದಿನ ದಿನವಷ್ಟೇ ಅವನಿಗೆ ವಿಷಯವನ್ನು ಗುಟ್ಟಾಗಿ ಹೇಳಿದ್ದೆ. (ಬ್ರೋಕರ್ ಹತ್ತಿರ ಗುಟ್ಟು ಹೇಳುವವನ ತಲೆ ನೆಟ್ಟಗಿರುವುದು ಅನುಮಾನವೇ.)

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಕನ್ನಡಿಯಲ್ಲಿ ನನ್ನನ್ನು ನಾನೇ ನೋಡಿಕೊಂಡೆ. ಐವತ್ತಾರು ವಯಸ್ಸು. ಅರ್ಧ ಬೋಳು ತಲೆ. ಪಂಪು, ಪೈಪು ಮಾರುವ ಕಸುಬು. ಕನ್ವರ್ಟಿಬಲ್ ಕಾರಿನಲ್ಲಿ ಕೂದಲು ಹಾರಿಸಿಕೊಂಡು ಹೋಗುವ ಮುಖವೇ ಇದು?

"ಶೋಕಿ ಕಣೋ" ಎಂದೆ. "ಸಾಯೋದ್ರೊಳಗೆ ಒಂದ್ಸಲ ಇರ್ಲಿ ಅಂತ."

ಶುದ್ಧ ಸುಳ್ಳು. ಪ್ರತಿವಾರ ಈ ಅಂಕಣದಲ್ಲಿ ಊರವರ ಕಾಲೆಳೆಯುತ್ತೇನಲ್ಲ, ಈ ವಾರ ನನ್ನ ಸರದಿ. ಮಾರ್ಚ್‌ನಿಂದ ಈ ಜೂನ್‌ವರೆಗೆ ನಾನು ಎಷ್ಟು ಜನರಿಗೆ ಎಷ್ಟು ಸುಳ್ಳು ಹೇಳಿದ್ದೇನೆ ಎನ್ನುವುದು ನನಗೇ ನೆನಪಿಲ್ಲ. ಕಾರು ಬೇಕಾಗಿದ್ದುದು ನನಗಲ್ಲ, ನನ್ನ ಹೆಂಡತಿ ಗಿರಿಜಳಿಗೆ. ಶೋಕಿಗಲ್ಲ, ಕೆಲಸ ಉಳಿಸಿಕೊಳ್ಳುವುದಕ್ಕೆ. (ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೀರಿ, ಇನ್ನೇನು ಮುಚ್ಚಿಡೋದಿದೆ" ಎಂದಳು.)

ಗಿರಿಜ ಆಲೂರಿನ ಹತ್ತಿರ ಸರ್ಕಾರಿ ಶಾಲೆಯಲ್ಲಿ ಟೀಚರ್. ಇಪ್ಪತ್ತನಾಲ್ಕು ವರ್ಷದ ಸರ್ವೀಸು. ಮಗ್ಗಿ ಬಾರದ ಮಕ್ಕಳನ್ನು ಊಟದ ಬೆಲ್ಲಾದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವ ಪೈಕಿ. ಭಾನುವಾರ ಬಂದರೆ ಅವಳಿಗೆ ಬೇಜಾರು. ಅಂಥವಳು.

ಹೋದ ವರ್ಷವಲ್ಲ, ಅದರ ಹಿಂದಿನ ಮಳೆಗಾಲ. ಮಂಗಳೂರಿನಲ್ಲಿ ಒಂದು ಮದುವೆ ಮುಗಿಸಿಕೊಂಡು ಒಬ್ಬಳೇ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದಳು. ಘಾಟಿಯಲ್ಲಿ ಗುಡ್ಡ ಜಾರಿ ಮಣ್ಣು ಬಂದು ಬಸ್ಸಿನ ಬಾಗಿಲಿಗೇ ಕೂತಿತು. ಇನ್ನೊಂದು ಕಡೆ ಪ್ರಪಾತ. ಜೋರು ಮಳೆ, ಕಿಟಕಿ ಎಲ್ಲ ಬಂದ್. ಒಳಗೆ ಐವತ್ತು ಜನ, ಐದು ಗಂಟೆ. ಆಮೇಲೆ ಜೆಸಿಬಿ ಬಂತು, ಮಣ್ಣು ತೆಗೆದರು, ಬಸ್ಸು ಹೊರಟಿತು. ಯಾರಿಗೂ ಏನೂ ಆಗಲಿಲ್ಲ ಎಂದು ನಾವೆಲ್ಲ ಹೇಳಿಕೊಂಡೆವು.

ಮೂರು ವಾರ ಕಳೆದ ಮೇಲೆ ಶಾಲೆಗೆ ಹೋಗುತ್ತಿದ್ದ ಬಸ್ಸಿನಲ್ಲಿ ಗಿರಿಜ ಇದ್ದಕ್ಕಿದ್ದಂತೆ ಎದ್ದು ನಿಂತು "ನಿಲ್ಸಿ, ನಿಲ್ಸಿ" ಎಂದು ಕಿರುಚಿದಳಂತೆ. ಹೆದ್ದಾರಿಯಲ್ಲಿ ಇಳಿದು, ಮಳೆಯಲ್ಲಿ ನೆನೆಯುತ್ತಾ ನಿಂತು, ನನಗೆ ಫೋನ್ ಮಾಡಿದಳು. ಅವತ್ತಿನಿಂದ ಮೇಲೆ ಮುಚ್ಚಳ ಇರುವ ಯಾವ ಗಾಡಿಯಲ್ಲೂ ಅವಳು ಕೂರಲಾರಳು. ಉಸಿರು ಕಟ್ಟುತ್ತದೆ, ಕೈಕಾಲು ತಣ್ಣಗಾಗುತ್ತದೆ. ಮನೆಯೊಳಗೆ ಏನೂ ಇಲ್ಲ. ಗಾಡಿ ಹತ್ತಿದರೆ ಮಾತ್ರ.

ಬೇಸಿಗೆಯಲ್ಲಿ ಸ್ಕೂಟರಿನಲ್ಲಿ ನಾನೇ ಬಿಟ್ಟು ಬರುತ್ತಿದ್ದೆ. ಮಳೆಗಾಲದಲ್ಲಿ? ರೈನ್‌ಕೋಟ್ ಹಾಕಿಕೊಂಡು ಕೆಲವು ದಿನ ಹೋದೆವು. ಒಂದು ಬೆಳಿಗ್ಗೆ ಲಾರಿಯೊಂದು ಎರಚಿದ ನೀರಿಗೆ ಕಣ್ಣು ಕಾಣದೆ ಇಬ್ಬರೂ ರಸ್ತೆಗೆ ಬಿದ್ದೆವು. ಹಿಂದಿನ ಲಾರಿಯವನು ಬ್ರೇಕ್ ಹಾಕಿದ್ದಕ್ಕೆ ಈ ಅಂಕಣ ಇನ್ನೂ ಬರುತ್ತಿದೆ. ಅಲ್ಲಿಗೆ ಮಳೆಯಲ್ಲಿ ಸ್ಕೂಟರ್ ಬಂದ್. ಅವಳು ಕೂಡಿಟ್ಟಿದ್ದ ರಜೆಯಲ್ಲಿ ಬಹುಪಾಲು ಖರ್ಚಾಯಿತು.

ಆಟೋ ಎನ್ನುತ್ತೀರಾ? ಮಳೆ ಬಂದ ಕೂಡಲೇ ಎರಡೂ ಕಡೆ ಪರದೆ ಕಟ್ಟುತ್ತಾರೆ, ಆಗಲಿಲ್ಲ. ಸನ್‌ರೂಫ್? ಪಕ್ಕದ ಮನೆಯವರ ಕಾರಿನಲ್ಲಿ ಕೂತು ನೋಡಿ, "ಇದು ಬೆಳಕಿಂಡಿ ಕಣ್ರೀ" ಎಂದು ಇಳಿದಳು. ಹಳೆಯ ಜೀಪು? ಹೋಂಸ್ಟೇಯವರು ಮುಗಿಬಿದ್ದು ಅದರ ರೇಟನ್ನು ಗುಡ್ಡ ಹತ್ತಿಸಿದ್ದಾರೆ. ಶಾಲೆ ಹತ್ತಿರವೇ ಮನೆ ಮಾಡಬಹುದಿತ್ತು. ಯಾಕೆ ಎಂದು ಊರವರು ಕೇಳುತ್ತಾರೆ.

ಇನ್ನೊಂದು ದಾರಿ ಇತ್ತು. ಅದನ್ನು ಹೇಳಿದವಳು ಗಿರಿಜಳೇ. "ಹಾಸನದಲ್ಲಿ ಇದಕ್ಕೆ ಡಾಕ್ಟರ್ ಇದಾರಂತೆ. ತೋರಿಸಿದ್ರೆ ಕಡಿಮೆ ಆಗುತ್ತಂತೆ. ಆಗದಿದ್ರೂ ಒಂದು ಸರ್ಟಿಫಿಕೇಟ್ ಕೊಟ್ರೆ ಬಾಳ್ಳುಪೇಟೆ ಸ್ಕೂಲಿಗೇ ವರ್ಗಾವಣೆ ಕೇಳ್ಬೋದು."

"ಸರ್ಟಿಫಿಕೇಟಲ್ಲಿ ಏನಂತ ಬರೀತಾರೆ?" ಎಂದು ಕೇಳಿದೆ.

ಮನೆಯಲ್ಲಿ ಮದುವೆ ವಯಸ್ಸಿನ ಮಗಳಿದ್ದಾಳೆ. ನಾಳೆ ಗಂಡಿನ ಕಡೆಯವರು ವಿಚಾರಿಸಿದರೆ? ಅಮ್ಮನಿಗೆ ತಲೆ ಸರಿಯಿಲ್ಲವಂತೆ ಎಂದು ಯಾರಾದರೂ ಕಡ್ಡಿ ಆಡಿಸಿದರೆ? ಇಷ್ಟೆಲ್ಲ ನಾನು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. "ಅಷ್ಟೆಲ್ಲಾ ಯಾಕೆ, ತಾನಾಗೇ ಹೋಗುತ್ತೆ ಬಿಡು" ಎಂದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ತಾನಾಗಿ ಹೋಗಲಿಲ್ಲ. ಈ ವರ್ಷ ಬೇಸಿಗೆ ಮುಗಿಯುತ್ತಾ ಬಂದಂತೆ ಅವಳು ಆಕಾಶ ನೋಡುವುದು ಜಾಸ್ತಿಯಾಯಿತು. ಆಗ ಅವಳಿಗೆ ಹೊಳೆದದ್ದು ಈ ಕನ್ವರ್ಟಿಬಲ್.

"ಮಳೆ ಬಂದ್ರೆ ಅದನ್ನೂ ಮುಚ್ಚಲೇಬೇಕಲ್ಲ?" ಎಂದು ಕೇಳಿದೆ.

"ಮುಚ್ಚಿದ್ರೂ ಪರವಾಗಿಲ್ಲ ಕಣ್ರೀ" ಎಂದಳು. "ಬೇಕು ಅಂದಾಗ ತೆಗೀಬೋದು ಅಂತ ಗೊತ್ತಿದ್ರೆ ಸಾಕು."

ಈ ಮಾತು ನನಗೆ ಆವತ್ತು ಅರ್ಥವಾಗಿದ್ದು ಕಾರಿನ ಮಟ್ಟಿಗೆ ಮಾತ್ರ.

ನಮ್ಮ ಬಜೆಟ್ ಎಷ್ಟು ಎಂದು ಹೇಳಿದರೆ ನಗುತ್ತೀರಿ. ಒಳ್ಳೆಯ ಬುಲೆಟ್ ಬೈಕು ಬರುತ್ತದೆ, ಅಷ್ಟು. ಬೆಂಗಳೂರಿನಲ್ಲಿ ಇಂಥ ಕಾರು ಮಾರುವ ಒಬ್ಬರಿಗೆ ಫೋನ್ ಮಾಡಿದೆ. ಅವರು ಹೇಳಿದ ರೇಟಿಗೆ ನನ್ನ ಅಂಗಡಿಯನ್ನು ಪೈಪುಗಳ ಸಮೇತ ಕೊಟ್ಟರೂ ಸಾಲದು. "ಆಯ್ತು ಸರ್, ಮನೇಲಿ ಕೇಳಿ ಹೇಳ್ತೀನಿ" ಎಂದು ಇಟ್ಟೆ.

ಆಮೇಲೆ ಲೋಕಣ್ಣ ಆಲೂರಿನಲ್ಲಿ ಒಂದು ತೋರಿಸಿದ. ಅದು ಕನ್ವರ್ಟಿಬಲ್ ಆಗಿ ಹುಟ್ಟಿದ್ದಲ್ಲ. ಎಲ್ಲರ ಮನೆಯಲ್ಲೂ ಇರುವಂಥ ಸಣ್ಣ ಕಾರಿನ ತಲೆಯನ್ನು ಯಾರೋ ಪುಣ್ಯಾತ್ಮರು ಕಟರ್‌ನಲ್ಲಿ ಕೊಯ್ದಿದ್ದರು. ಮೇಲೆ ಮೆಣಸು ಒಣಗಿಸುವ ನೀಲಿ ಟಾರ್ಪಾಲು. ಹತ್ತಿ ಕೂತೆ. ಬಾಗಿಲು ಹಾಕಿದ್ದು ಮತ್ತೆ ತೆಗೆಯಲು ಬರಲಿಲ್ಲ. ತಲೆ ಹೋದ ಮೇಲೆ ಬಾಡಿ ಸೊಟ್ಟಗಾಗಿ ಬಾಗಿಲು ಕಚ್ಚಿಕೊಳ್ಳುತ್ತಿತ್ತು.

"ಬಾಗ್ಲು ಯಾಕೆ ಮಾರಾಯ, ಮೇಲಿಂದಾನೇ ಹಾರ್ಕಂಡು ಬಾ" ಎಂದ ಲೋಕಣ್ಣ.

ಹಾರಿದೆ. ಪಂಚೆ ಉಟ್ಟಿದ್ದೆ ಎನ್ನುವುದನ್ನು ಇಲ್ಲಿಗೆ ಬಿಡುತ್ತೇನೆ.

ಕೊನೆಗೆ ಒಂದು ಫೋಟೋ ಬಂತು. ಕೆಂಪು ಬಣ್ಣದ, ಎರಡೇ ಬಾಗಿಲಿನ ವಿದೇಶಿ ಕಾರು. ಕಪ್ಪು ಕ್ಯಾನ್ವಾಸ್ ಟಾಪನ್ನು ಹಿಂದಕ್ಕೆ ಮಡಚಿ ಇಟ್ಟಿದ್ದಾರೆ. ಹಿಂದೆ ಬಿಸಿಲೆ ಕಡೆಯ ಬೆಟ್ಟದ ಸಾಲು. ಮೊದಲು ಒಬ್ಬ ಎಸ್ಟೇಟ್ ಮಾಲೀಕರದ್ದಾಗಿತ್ತು, ಈಗ ಸಕಲೇಶಪುರದಲ್ಲಿ ಕಾಫಿ ವ್ಯಾಪಾರ ಮಾಡುವ ಹನೀಫಣ್ಣನವರ ಹತ್ತಿರ ಇದೆ, ಸ್ಪೇರ್ ಪಾರ್ಟ್ಸ್ ಸಿಗದ್ದಕ್ಕೆ ಸೋವಿಗೆ ಕೊಡುತ್ತಾರೆ ಎಂದ ಲೋಕಣ್ಣ. ನಮ್ಮ ಬಜೆಟ್ಟಿಗೆ ಸರಿಯಾಗಿ ಕೂರುತ್ತಿತ್ತು.

ಗಿರಿಜ ಆ ಫೋಟೋವನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿದಳು. ಅರ್ಧ ಗಂಟೆ ಬಿಟ್ಟು ಮತ್ತೆ ಫೋನ್ ಕೇಳಿದಳು. ಎರಡು ವರ್ಷದಲ್ಲಿ ಅವಳು ಅಷ್ಟು ಖುಷಿಯಾಗಿದ್ದುದನ್ನು ನಾನು ನೋಡಿರಲಿಲ್ಲ. ಶಾಲೆ ಶುರುವಾಗಿ ಎರಡು ವಾರವಾಗಿತ್ತು, ಮಳೆ ಹಿಡಿದಿತ್ತು. ಉಳಿದಿದ್ದ ರಜೆಯೂ ಮುಗಿಯುವುದರಲ್ಲಿತ್ತು.

ಹೋದ ಭಾನುವಾರ ಮಳೆ ಸ್ವಲ್ಪ ಹೊಳವಾದಾಗ ಸ್ಕೂಟರಿನಲ್ಲಿ ಸಕಲೇಶಪುರಕ್ಕೆ ಹೋದೆವು. ಗಿರಿಜ ಸ್ಕೂಲ್ ಡೇಗೆ ಉಡುವ ಸೀರೆ ಉಟ್ಟಿದ್ದಳು.

ಹನೀಫಣ್ಣ ಕಾಫಿ ಸ್ಟೋರಿನ ಬಾಗಿಲು ತೆಗೆಸಿದರು. ಮೂಟೆಗಳನ್ನು ಆಚೆ ಸರಿಸಿ, ಆಳುಗಳು ಕಾರನ್ನು ತಳ್ಳಿಕೊಂಡು ಬಂದರು. ಅದೇ ಕೆಂಪು. ಅದೇ ಎರಡು ಬಾಗಿಲು. ಮೇಲೆ ಮಾತ್ರ ಕ್ಯಾನ್ವಾಸ್ ಇರಲಿಲ್ಲ. ತಗಡು ಇತ್ತು. ಸುತ್ತ ಸಾಲಾಗಿ ರಿವಿಟ್ ಹೊಡೆದು, ಸಂದಿಗೆಲ್ಲ ಟಾರು ಮೆತ್ತಿ, ಮೇಲೆ ಕೆಂಪು ಪೇಂಟ್ ಬಳಿದಿದ್ದರು.

"ಟಾಪ್ ಎಲ್ಲಿ?" ಎಂದೆ.

"ಇದೇ ಟಾಪು" ಎಂದು ಹನೀಫಣ್ಣ ಹೆಮ್ಮೆಯಿಂದ ತಗಡಿನ ಮೇಲೆ ತಟ್ಟಿದರು. "ಆ ಬಟ್ಟೆ ಟಾಪು ಬೂಸ್ಲು ಹಿಡ್ದು, ಇಲಿ ಕಡ್ದು, ಮಳೆ ಎಲ್ಲಾ ಸೀಟ್ ಮ್ಯಾಲೇ ಸುರೀತಿತ್ತು ಕಣ್ರೀ. ಹಾಸನದಲ್ಲಿ ಬಾಡಿ ಕಟ್ಟೋರತ್ರ ಒಯ್ದು ಫಿಕ್ಸ್ ಮಾಡಿಸ್ಬುಟ್ಟೆ. ಬಸ್ಸಿಗೆ ಹಾಕ್ತಾರಲ್ಲ, ಅದೇ ತಗಡು. ನಾಕು ಮಳೆಗಾಲ ಆಯ್ತು, ಒಂದು ತೊಟ್ಟು ಒಳೀಕೆ ಬಿದ್ದಿಲ್ಲ."

ಫೋಟೋ ಐದು ವರ್ಷ ಹಿಂದಿನದು. ಲೋಕಣ್ಣನೂ ಕಾರನ್ನು ಕಣ್ಣಾರೆ ನೋಡಿರಲಿಲ್ಲ.

ಹನೀಫಣ್ಣನವರನ್ನು ಬೈಯಲಾದೀತೇ? ನಮ್ಮ ಕಡೆ ಯಾರು ತಾನೇ ಏನನ್ನು ತೆರೆದು ಬಿಟ್ಟಿದ್ದೇವೆ? ಅಂಗಳಕ್ಕೆ ಶೀಟು, ಟೆರೇಸಿಗೆ ಶೀಟು, ಬಾವಿಗೆ ಶೀಟು. ಮನೆ ಕಟ್ಟಿ ಮುಗಿಯುವ ಮೊದಲೇ ಶೀಟಿನವನಿಗೆ ಅಡ್ವಾನ್ಸ್ ಕೊಟ್ಟಿರುತ್ತೇವೆ. ಆ ಕಾರು ನನ್ನ ಕೈಗೆ ಮೊದಲೇ ಸಿಕ್ಕಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

"ಬಂದಿದ್ದಾಯ್ತಲ್ಲ, ಕೂತು ನೋಡ್ತೀನಿ" ಎಂದಳು ಗಿರಿಜ.

ಬೇಡ ಎನ್ನಬೇಕಿತ್ತು. ಅನ್ನಲಿಲ್ಲ. ಅವಳು ಬಾಗಿಲು ತೆಗೆದಿಟ್ಟು, ಒಂದು ಕಾಲನ್ನು ನೆಲದ ಮೇಲೇ ಬಿಟ್ಟುಕೊಂಡು ಸೀಟಿನ ತುದಿಗೆ ಕೂತಳು. ಆಮೇಲೆ ಆ ಕಾಲನ್ನೂ ಒಳಗೆ ಎತ್ತಿಕೊಂಡಳು. ನನ್ನ ಕಡೆ ನೋಡಿ ಸ್ವಲ್ಪ ನಕ್ಕಳು ಕೂಡ.

ಹನೀಫಣ್ಣ ಮರ್ಯಾದಸ್ಥರು. "ಬಾಗ್ಲು ಹಾಕ್ಕಂಡು ನೋಡಮ್ಮ, ಆಚೆ ಸದ್ದೇ ಕೇಳಕಿಲ್ಲ" ಎಂದು ತಾವೇ ಬಾಗಿಲು ಹಾಕಿದರು.

ಎರಡು ಸೆಕೆಂಡ್ ಇರಬಹುದು. ಒಳಗಿನಿಂದ ಗಾಜಿಗೆ ಎರಡೂ ಕೈಯಲ್ಲಿ ಬಡಿಯುವ ಸದ್ದು ಮಾತ್ರ ಆಚೆಗೆ ಚೆನ್ನಾಗಿ ಕೇಳಿತು. ನಾನು ಓಡಿ ಬಾಗಿಲು ಎಳೆದೆ. ಅವಳು ಹೊರಗೆ ಬಿದ್ದಂತೆ ಬಂದು ಕಾಫಿ ಮೂಟೆಯ ಮೇಲೆ ಕುಸಿದಳು. ಮುಖ ಬಿಳಿಚಿಕೊಂಡಿತ್ತು. ಸೀರೆಯ ಸೆರಗು ಬಾಗಿಲಿಗೆ ಸಿಕ್ಕಿ ಹರಿದಿತ್ತು. ಆಳುಗಳೆಲ್ಲ ಬಂದು ಸುತ್ತ ನಿಂತರು.

ನನ್ನ ಬಾಯಿಂದ ಏನು ಬಂತು ಹೇಳಿ? "ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಗ್ಯಾಸ್ಟ್ರಿಕ್ಕು."

ಗಿರಿಜ ತಲೆ ಎತ್ತಿದಳು. "ಗ್ಯಾಸ್ಟ್ರಿಕ್ ಅಲ್ಲ ಅಣ್ಣ, ಭಯ" ಎಂದು ಹನೀಫಣ್ಣನವರಿಗೆ ಹೇಳಿದಳು. "ಮುಚ್ಚಿದ ಗಾಡೀಲಿ ನಂಗೆ ಉಸಿರು ಕಟ್ಟುತ್ತೆ. ಅದಕ್ಕೇ ಟಾಪ್ ತೆಗೆಯೋ ಕಾರು ಹುಡುಕ್ತಾ ಇದ್ದಿದ್ದು."

ಹನೀಫಣ್ಣ ನಗಲಿಲ್ಲ. ನೀರು ತರಿಸಿದರು. "ಮೊದ್ಲೇ ಒಂದು ಮಾತು ಹೇಳಬಾರ್ದಿತ್ತೇನಮ್ಮ" ಎಂದರು. "ನನ್ ತಮ್ಮಂಗೂ ಹಿಂಗೇ ಆಗಿತ್ತು. ಲಾರಿ ಪಲ್ಟಿ ಹೊಡ್ದು ಕ್ಯಾಬಿನ್ನಲ್ಲಿ ಸಿಕ್ಕಾಕ್ಕಂಡಿದ್ದ. ಆಮ್ಯಾಕೆ ಆಟೋನೂ ಹತ್ತುತಿರ್ಲಿಲ್ಲ. ಹಾಸನಕ್ಕೆ ಕರ್ಕಂಡೋಗಿ ಡಾಕ್ಟ್ರಿಗೆ ತೋರಿಸ್ದೆ. ಒಂದ್ ವರ್ಸ ಹಿಡೀತು. ಈಗ ಅವನೇ ಲಾರಿ ಓಡಿಸ್ತವ್ನೆ."

ಎಲ್ಲರ ಮುಂದೆ, ಜ್ವರ ಬಂದಿತ್ತು ಎನ್ನುವ ಹಾಗೆ ಹೇಳಿಬಿಟ್ಟರು. ಆಳುಗಳಲ್ಲಿ ಒಬ್ಬ, ಹೌದು ಎನ್ನುವಂತೆ ತಲೆ ಆಡಿಸಿದ. ಆಕಾಶ ಕಳಚಿ ಬೀಳಲಿಲ್ಲ. ನಾನು ಎರಡು ವರ್ಷ ಕಾದಿಟ್ಟ ಗುಟ್ಟು ಅಲ್ಲಿ ಯಾರಿಗೂ ಬೇಕಿರಲಿಲ್ಲ.

ವಾಪಸ್ ಬರುವಾಗ ಮತ್ತೆ ಹನಿ ಶುರುವಾಯಿತು. ರೈನ್‌ಕೋಟ್ ಹಾಕಿಕೊಳ್ಳಲು ಸ್ಕೂಟರ್ ನಿಲ್ಲಿಸಿದೆ.

"ನಾಳೇನೇ ಹಾಸನಕ್ಕೆ ಹೋಗೋಣ" ಎಂದೆ. "ಡಾಕ್ಟರಿಗೆ ತೋರಿಸೋಣ. ವರ್ಗಾವಣೆಗೂ ಕೇಳೋಣ."

"ಗುರುವಾರ ಅರ್ಜಿ ಕೊಟ್ಟಾಯ್ತು" ಎಂದಳು.

"ಏನರ್ಜಿ?"

"ಸ್ವಯಂ ನಿವೃತ್ತಿದು."

"ವಾಪಸ್ ತಗೊಳ್ಳೋಣ."

"ತಗೊಂಡು? ವಾಸಿ ಆಗೋಕೆ ವರ್ಷ ಹಿಡೀತು ಅಂದ್ರಲ್ಲ ಅವರು. ಈ ವರ್ಷದ ವರ್ಗಾವಣೆಗೆ ಅರ್ಜಿ ಹಾಕೋ ಗಡುವೂ ಮುಗೀತು. ಅಲ್ಲೀತನಕ ದಿನಾ ಶಾಲೆಗೆ ಯಾವುದ್ರಲ್ಲಿ ಹೋಗ್ಲಿ? ರಜೆ ಎಲ್ಲಿದೆ?" ಅವಳು ರೈನ್‌ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. "ಕಾರು ಸಿಕ್ಕಿದ್ರೆ ವಾಪಸ್ ತಗೊಳ್ಳೋಣ ಅಂತಾನೇ ಇದ್ದೆ. ಮೇಷ್ಟ್ರುಗಳೆಲ್ಲ ಬೀಳ್ಕೊಡುಗೆ ಯಾವತ್ತು ಇಟ್ಕೊಳ್ಳೋಣ ಅಂತ ಕೇಳ್ತಿದಾರೆ."

ಎರಡು ವರ್ಷ ಹಿಂದೆ, ಅವಳು ಕೇಳಿದ ದಿನವೇ ಹೋಗಿದ್ದರೆ? ಈ ಲೆಕ್ಕ ಒಂದನೇ ಕ್ಲಾಸಿನ ಅವಳ ಮಕ್ಕಳಿಗೂ ಬರುತ್ತದೆ.

ಆಮೇಲೆ ನಾನು ಕೇಳಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. "ಅರ್ಜೀಲಿ ಕಾರಣ ಏನಂತ ಬರ್ದೆ?" ಎಂದು ಕೇಳಿದೆ.

ಗಿರಿಜ ರೈನ್‌ಕೋಟಿನ ಟೋಪಿಯನ್ನು ತಲೆಗೆ ಎಳೆದುಕೊಂಡಳು.

"ಹೆದರ್ಬೇಡಿ" ಎಂದಳು. "ಕೌಟುಂಬಿಕ ಕಾರಣ ಅಂತ ಬರ್ದಿದೀನಿ."

ಸ್ಕೂಟರ್ ಸ್ಟಾರ್ಟ್ ಮಾಡಿದೆ. ಹಿಂದೆ ಕೂತು ನನ್ನ ಭುಜ ಹಿಡಿದುಕೊಂಡಳು, ಯಾವಾಗಲೂ ಹಿಡಿಯುವ ಹಾಗೆ.

ಆ ಕೌಟುಂಬಿಕ ಕಾರಣ ಪಂಪು, ಪೈಪಿನ ಅಂಗಡಿ ಇಟ್ಟುಕೊಂಡು ವಾರಕ್ಕೊಂದು ಅಂಕಣ ಬರೆಯುತ್ತಾ ಕೂತಿದೆ ಎಂದು ಆಫೀಸಿನವರಿಗೆ ಗೊತ್ತಾಗುವುದಾದರೂ ಹೇಗೆ?