ಹತ್ತಕ್ಕೊಂದು ಅಳತೆ

ಸೋರಿದ ಬ್ಯಾಟರಿ ಸೆಲ್ಲಿನ ವಾಸನೆ ಯಾವ ಸತ್ಪುರುಷನನ್ನೂ ನೆನಪಿಸಬಾರದು. ಆದರೆ ಕಳೆದ ವಾರ ಬೀರುವಿನ ತಳದಿಂದ ನನ್ನ ಗ್ರಾಫಿಂಗ್ ಕ್ಯಾಲ್ಕುಲೇಟರ್ ತೆಗೆದು ಹಿಂಬದಿಯ ಮುಚ್ಚಳ ಬಿಚ್ಚಿದಾಗ, ಆ ಹುಳಿ ವಾಸನೆಯ ಜೊತೆಗೇ ಎದುರುಮನೆಯ ಓವರ್ಸಿಯರು ಎದ್ದು ಬಂದರು.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮ ಎದುರುಮನೆ ಅವರದು. ಕಾಲುವೆಗಳ ಕೆಲಸದಲ್ಲಿ ಸವೆದು ನಿವೃತ್ತರಾದವರು. ನಾನು ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಹುಡುಗರಿಗೆ ಕಲನಶಾಸ್ತ್ರ ಕಲಿಸುತ್ತಿದ್ದೆ; ಅಂದರೆ ಅವರು ಕಲಿಯದಂತೆ ನೋಡಿಕೊಳ್ಳುತ್ತಿದ್ದೆ. ಆ ಯಂತ್ರವನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು, ಅನುಕಲನದ ಅಂದಾಜು ಬೆಲೆ ಕೊಡುವ ಹದಿನಾಲ್ಕು ಸಾಲಿನ ಪ್ರೋಗ್ರಾಮ್ ಬರೆದು, ಜಗತ್ತಿನ ವಕ್ರರೇಖೆಗಳೆಲ್ಲ ನನ್ನ ಜೇಬಿನಲ್ಲಿವೆ ಎಂದು ನಂಬಿದ್ದ ಕಾಲ. ವಿಷಯ ಸರಳ. ರೇಖೆಯ ಕೆಳಗಿನ ಜಾಗವನ್ನು ಪಟ್ಟಿ ಪಟ್ಟಿಯಾಗಿ ಸೀಳುವುದು, ಪ್ರತಿ ಪಟ್ಟಿಯ ತಲೆಗೆ ನೇರ ಗೆರೆ ಎಳೆದು ವಿಸ್ತೀರ್ಣ ಕೂಡುವುದು. ಪಟ್ಟಿ ಕಿರಿದಾದಷ್ಟೂ ಉತ್ತರ ಸತ್ಯಕ್ಕೆ ಹತ್ತಿರ.

ಕುಂಸಿ ಕಡೆಯ ಒಂದು ಊರಿನವರು ತಮ್ಮ ಕೆರೆಯಲ್ಲಿ ಎಷ್ಟು ನೀರಿದೆ, ದನ ತೊಳೆಯಲು ಎಲ್ಲಿಯವರೆಗೆ ಇಳಿಯಬಹುದು ಎಂದು ಅಳೆದುಕೊಡಲು ಓವರ್ಸಿಯರನ್ನು ಕರೆದರು. ಅವರು ನನ್ನನ್ನು ಕರೆದೊಯ್ದರು, ನಾನು ಯಂತ್ರವನ್ನು. ದಡದಿಂದ ದಡಕ್ಕೆ ಹಗ್ಗ. ಐದು ಮೀಟರಿಗೊಂದು ಗಂಟು. ಪ್ರತಿ ಗಂಟಿನಲ್ಲೂ ತೆಪ್ಪ ನಿಲ್ಲಿಸಿ ಅಳತೆಗೋಲು ಇಳಿಸುವುದು ಅವರ ಪದ್ಧತಿ. ಬಿಸಿಲು ಏರಿತ್ತು. ನನಗೆ ಹಸಿವು.

"ಒಂದು ಗಂಟು ಬಿಟ್ಟು ಒಂದು ಸಾಕು ಸಾರ್. ಹತ್ತಕ್ಕೊಂದು. ಮಧ್ಯದ್ದು ಪ್ರೋಗ್ರಾಮ್ ನೋಡ್ಕೊಳ್ಳುತ್ತೆ," ಎಂದೆ.

"ನಿನ್ನ ಡಬ್ಬಿ ನೀರಿಗಿಳಿಯುತ್ತೇನೋ ಮಾರಾಯ?"

"ಎರಡು ಅಳತೆ ಮಧ್ಯ ನೇರ ಗೆರೆ ಎಳ್ಕೊಳ್ಳುತ್ತೆ."

"ಕೆರೆಗೆ ಅದು ಗೊತ್ತಿರ್ಬೇಕಲ್ಲ," ಎಂದು ಗೊಣಗಿದರು. ಆದರೂ ಒಪ್ಪಿದರು... ಓದಿದವನ ಮಾತಿನ ಮೇಲೆ ಅವರಿಗೆ ಅನಗತ್ಯ ಗೌರವವಿತ್ತು.

ಪರದೆಯ ಮೇಲೆ ಕೆರೆಯ ತಳ ಇಸ್ತ್ರಿ ಹಾಕಿದಂತೆ ನುಣ್ಣಗೆ ಇಳಿಜಾರಾಗಿ ಮೂಡಿತು. ಮೂವತ್ತನೇ ಮೀಟರಿನವರೆಗೆ ಎದೆಮಟ್ಟ, ಭಯವಿಲ್ಲ ಎಂದು ಹೇಳಿ, ಅಲ್ಲೊಂದು ಗೂಟ ನೆಟ್ಟು ಬಂದೆವು.

ಎಂಟು ದಿನಕ್ಕೆ, ಎಮ್ಮೆ ತೊಳೆಯಲು ಇಳಿದವನೊಬ್ಬ ಗೂಟಕ್ಕಿಂತ ಈಚೆಗೇ ಮುಳುಗಿ ಸತ್ತ. ಇಪ್ಪತ್ತಕ್ಕೂ ಮೂವತ್ತಕ್ಕೂ ನಡುವೆ, ನಾವು ಬಿಟ್ಟ ಗಂಟಿನ ಕೆಳಗೇ, ಎಂದೋ ಇಟ್ಟಿಗೆ ಮಣ್ಣಿಗೆಂದು ತೋಡಿ ಊರವರೂ ಮರೆತಿದ್ದ ಗುಂಡಿಯಿತ್ತು. ಎಮ್ಮೆ ಈಜಿ ದಡ ಸೇರಿತ್ತು. ಗುಂಡಿಯನ್ನು ಅಂದಾಜಿನಲ್ಲಿ ಸೇರಿಸಿ ನಾನು ಮತ್ತೆ ಲೆಕ್ಕ ಹಾಕಿದೆ. ಒಟ್ಟು ನೀರಿನ ಉತ್ತರದಲ್ಲಿ ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿರಲಿಲ್ಲ. ಗಣಿತದ ಮಟ್ಟಿಗೆ ನಾನು ನಿರಪರಾಧಿ.

ಊರಿನವರು ಕರೆಸಿದರು. ಸತ್ತವನ ಹೆಂಡತಿ ಕೆರೆ ಏರಿಯ ಮೇಲೆ ಕೂತಿದ್ದಳು.

"ಗೂಟ ನಂಬ್ಕೊಂಡು ಇಳಿದ್ರು ನಮ್ಮೋರು. ಅಳೆದೋರು ಯಾರು?" ಎಂದಳು.

"ನಾನಮ್ಮ," ಎಂದರು ಓವರ್ಸಿಯರು. "ಹತ್ತಕ್ಕೊಂದು ಸಾಕು ಅಂದಿದ್ದೂ ನಾನೇ. ಈ ಮೇಷ್ಟ್ರು ಬರೀ ಕೂಡಿ ಕೊಟ್ರು."

ನನ್ನ ಜೇಬಿನಲ್ಲಿ ಯಂತ್ರ ಬೆಚ್ಚಗಿತ್ತು.

"ಯಾಕೆ ಸಾರ್ ಹಾಗಂದ್ರಿ?" ಎಂದು ಬಸ್ಸಿನಲ್ಲಿ ಕೇಳಿದೆ.

"ನಿಂಗಿನ್ನೂ ಸರ್ವೀಸ್ ಇದೆ. ನಂದು ಮುಗಿದಿದೆ." ಕಿಟಕಿಯಾಚೆ ನೋಡುತ್ತ, "ಐದೈದಕ್ಕೆ ಇಳಿಸ್ಬೇಕಿತ್ತು ಕಣೋ," ಎಂದರು.

ಆಮೇಲೆ ಅವರು ಅಳತೆಗೋಲು ಮುಟ್ಟಲಿಲ್ಲ. ಅವರ ಮನೆಯಾಕೆ ಅದನ್ನು ಬಟ್ಟೆ ಒಣಹಾಕಲು ಕಟ್ಟಿಕೊಂಡರು. ಬೀದಿಯವರು ಅವರಿಗೆ 'ಗೂಟದ ಓವರ್ಸಿಯರ್' ಎಂದು ಹೆಸರಿಟ್ಟರು. ಕೇಳಿಸಿಕೊಂಡು ಸುಮ್ಮನಿದ್ದವರಲ್ಲಿ ನಾನು ಮೊದಲಿಗ. ಮರುವರ್ಷ ತೀರಿಕೊಂಡರು. ತಿಥಿಯ ಊಟದಲ್ಲಿ ಅವರ ಮನೆಯಾಕೆ ಎರಡು ಸಲ ಪಾಯಸ ಬಡಿಸಿದರು. ಹೇಳಬೇಕೆಂದು ಹೋಗಿದ್ದ ಮಾತು ಅದರ ಜೊತೆಗೇ ಗಂಟಲಿಳಿಯಿತು...

ಈಗ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಕಿಲುಬು ಕೆರೆದು ಹೊಸ ಸೆಲ್ಲು ಹಾಕಿದೆ. ನೆನಪೆಲ್ಲ ಅಳಿಸಿಹೋಗಿದೆ ಎಂದು ಪರದೆ ತಿಳಿಸಿತು. ಯಂತ್ರಗಳಿಗೆ ಆ ಸವಲತ್ತಿದೆ. ಹದಿನಾಲ್ಕು ಸಾಲನ್ನೂ ಮತ್ತೆ ಟೈಪ್ ಮಾಡಿದೆ. ಅಂತರ ಎಷ್ಟೆಂದು ಕೇಳಿತು. ಐದು ಎಂದು ಒತ್ತಿದೆ. ದಡದ ಆಳ ಕೇಳಿತು, ಸೊನ್ನೆ. ಐದನೇ ಮೀಟರಿನದ್ದು ಕೇಳಿತು.

ಅಂದು ತೆಪ್ಪದಲ್ಲಿ ಆಳಗಳನ್ನು ಬರೆದುಕೊಂಡಿದ್ದ ಓವರ್ಸಿಯರ ಕೈಬರಹದ ಚೀಟಿ ಕ್ಯಾಲ್ಕುಲೇಟರಿನ ಚೀಲದಲ್ಲೇ ಇತ್ತು. ಅದರಲ್ಲಿ ಹತ್ತು ಇದೆ, ಇಪ್ಪತ್ತು ಇದೆ, ಮೂವತ್ತು ಇದೆ. ಕರ್ಸರ್ ಮಿಣುಕುತ್ತ ಕಾಯುತ್ತಿತ್ತು.